ಮೂಳೆ ವೈದ್ಯರ ಕೊನೆಯ ಪರೀಕ್ಷೆ

ವೈದ್ಯಕೀಯ ಓದಿದ ಮಕ್ಕಳಿರುವ ಮನೆಗಳವರಿಗೆ ನೆಂಟರಿಷ್ಟರಿಂದ ಪದೇ ಪದೇ ಎದುರಾಗುವ ಪ್ರಶ್ನೆಯೊಂದುಂಟು: "ಡಾಕ್ಟರಾಗಿ ಇಷ್ಟು ವರ್ಷವಾಯಿತಲ್ಲ, ಇನ್ನೂ ಏನು ಓದುವುದು?" ನಮ್ಮ ಕಡಕೊಳದಂಥ ಊರಿನಲ್ಲಿಯೂ ಈ ಮಾತು ಕೇಳಿಬರುತ್ತದೆ. ಹುಡುಗನಿಗೆ ಮೂವತ್ತು ದಾಟಿರುತ್ತದೆ. ಮದುವೆಯಾಗಿ ಒಂದು ಮಗುವೂ ಇರಬಹುದು. ಹಗಲೆಲ್ಲ ಆಸ್ಪತ್ರೆಯಲ್ಲಿ ಮುರಿದ ಮೂಳೆಗಳನ್ನು ಜೋಡಿಸಿ ಬಂದವನು ರಾತ್ರಿ ಊಟವಾದ ಮೇಲೆ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯಂತೆ ಪುಸ್ತಕ ಹರಡಿಕೊಂಡು ಕೂರುತ್ತಾನೆ. ಅಷ್ಟೇ ಆದರೆ ಚಿಂತೆಯಿಲ್ಲ. ಬಾಗಿಲು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಒಬ್ಬನೇ ಗಟ್ಟಿಯಾಗಿ ಮಾತನಾಡತೊಡಗಿದರೆ ಮನೆಯವರಿಗೆ ದಿಗಿಲಾಗುವುದು ಸಹಜವೇ.

ದಿಗಿಲು ಬೇಡ. ಆತ ಸಿದ್ಧತೆ ನಡೆಸುತ್ತಿರುವುದು ಮೂಳೆ ಮತ್ತು ಕೀಲುಗಳ ಶಸ್ತ್ರಚಿಕಿತ್ಸೆಯ ಫೆಲೋಷಿಪ್ ಪರೀಕ್ಷೆಗೆ. ಈ ಪರೀಕ್ಷೆ ಏನನ್ನು ಕೇಳುತ್ತದೆ, ಅದಕ್ಕೆ ಗಟ್ಟಿಯಾಗಿ ಮಾತನಾಡುವ ಅಭ್ಯಾಸ ಏಕೆ ಬೇಕು, ಅದರಿಂದ ರೋಗಿಗಳಾದ ನಮಗೇನು ಪ್ರಯೋಜನ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವ ಮೇಷ್ಟ್ರು. ಆದರೆ ಪರೀಕ್ಷೆಯೆಂಬುದು ನಮ್ಮ ಕಸುಬಿಗೂ ಸೇರಿದ ವಿಷಯವಾದ್ದರಿಂದ ಇಷ್ಟು ಹೇಳುವ ಅಧಿಕಾರವನ್ನು ಓದುಗರು ದಯಪಾಲಿಸುವರೆಂದು ನಂಬಿದ್ದೇನೆ.

ಮೊದಲು ಓದಿನ ದಾರಿಯನ್ನು ನೋಡೋಣ. ಎಂ.ಬಿ.ಬಿ.ಎಸ್. ಪದವಿಗೆ, ಆಸ್ಪತ್ರೆಯಲ್ಲಿ ದುಡಿಯುವ ಒಂದು ವರ್ಷವೂ ಸೇರಿ, ಐದೂವರೆ ವರ್ಷ ಬೇಕು. ಆಮೇಲೆ ಮೂಳೆ ಶಾಸ್ತ್ರದಲ್ಲಿ ಎಂ.ಎಸ್. ಎಂಬ ಉನ್ನತ ಪದವಿಗೆ 3 ವರ್ಷ. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ನಮ್ಮ ಮೆಡಿಕಲ್ ಕಾಲೇಜಿನಂಥ ಸಂಸ್ಥೆಗಳಲ್ಲಿ ಓದುವವರಿಗೆ ಈ ಪದವಿಯ ಪರೀಕ್ಷೆಯಲ್ಲಿ ನಾಲ್ಕು ಲಿಖಿತ ಪತ್ರಿಕೆಗಳಿರುತ್ತವೆ. ರೋಗಿಗಳನ್ನು ಪರೀಕ್ಷಿಸಿ ತೋರಿಸಬೇಕು. ಮೇಜಿನ ಮೇಲೆ ಇಟ್ಟ ಮೂಳೆ, ಎಕ್ಸ್‌ರೇ, ಉಪಕರಣಗಳ ಬಗ್ಗೆ ಬಾಯಿಮಾತಿನ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಡಿ.ಎನ್.ಬಿ. ಎಂಬ ರಾಷ್ಟ್ರೀಯ ಮಂಡಳಿಯ ಪರೀಕ್ಷೆ ಇದಕ್ಕೆ ಸಮಾನವಾದದ್ದು. ಇವುಗಳಲ್ಲಿ ಒಂದು ಆದರೆ ನಮ್ಮ ದೇಶದಲ್ಲಿ ಮೂಳೆ ತಜ್ಞರೆಂದು ಕೆಲಸ ಮಾಡಲು ಸಾಕು. ಇದರ ಮೇಲೆ ಬೆನ್ನುಮೂಳೆ, ಕೈ ಮೊದಲಾದ ಒಂದೊಂದು ಅಂಗವನ್ನೇ ಹಿಡಿದು ಇನ್ನೂ ಆಳವಾಗಿ ಕಲಿಯಬಯಸುವವರಿಗೆ ಅದೇ ರಾಷ್ಟ್ರೀಯ ಮಂಡಳಿಯ ಫೆಲೋಷಿಪ್ ಉಂಟು.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಇರುವುದು ಎಫ್.ಆರ್.ಸಿ.ಎಸ್. ಫೆಲೋಷಿಪ್. ಇಂಗ್ಲೆಂಡಿನ ರಾಯಲ್ ಕಾಲೇಜು ಈ ಗೌರವವನ್ನು 1843ರಲ್ಲಿ ಆರಂಭಿಸಿತು. ಇಂದು ಇಂಗ್ಲೆಂಡ್, ಎಡಿನ್‌ಬರೋ, ಗ್ಲಾಸ್ಗೋ, ಐರ್ಲೆಂಡ್ ಈ ನಾಲ್ಕೆಡೆಯ ರಾಯಲ್ ಕಾಲೇಜುಗಳು ಕೂಡಿ ಮೂಳೆ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕವಾದ ಪರೀಕ್ಷೆಯನ್ನು ನಡೆಸುತ್ತವೆ. ಅಲ್ಲಿಗೆ ಹೋಗಿ ನೆಲೆಸಿರುವ ನಮ್ಮ ಮಕ್ಕಳು ಇದನ್ನು ಕಟ್ಟುತ್ತಾರೆ. ಅಲ್ಲಿ ತರಬೇತಿ ಪಡೆಯದ ಹೊರದೇಶದವರಿಗೆ ಅದೇ ಮಟ್ಟದ ಇನ್ನೊಂದು ಪರೀಕ್ಷೆ ಇರುವುದರಿಂದ, ಇಲ್ಲಿಯೇ ಕೆಲಸದಲ್ಲಿರುವ ಕೆಲವರು ಅದಕ್ಕೂ ಕೂರುತ್ತಾರೆ. ನಾನು ಮುಖ್ಯವಾಗಿ ವಿವರಿಸಹೊರಟಿರುವುದು ಈ ಬಗೆಯ ಪರೀಕ್ಷೆಯನ್ನೇ.

ಈ ಶಾಸ್ತ್ರದ ಇಂಗ್ಲಿಷ್ ಹೆಸರಾದ 'ಆರ್ಥೊಪೀಡಿಕ್ಸ್' ಎಂಬುದರ ಅರ್ಥ ಸ್ವಾರಸ್ಯವಾಗಿದೆ. ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯನು 1741ರಲ್ಲಿ ಪ್ರಕಟವಾದ ತನ್ನ ಗ್ರಂಥಕ್ಕಾಗಿ ಎರಡು ಗ್ರೀಕ್ ಶಬ್ದಗಳನ್ನು ಜೋಡಿಸಿ ಇದನ್ನು ರಚಿಸಿದನು. ಒಂದು ಶಬ್ದಕ್ಕೆ 'ನೆಟ್ಟಗಿರುವುದು' ಎಂದೂ ಇನ್ನೊಂದಕ್ಕೆ 'ಮಗು' ಎಂದೂ ಅರ್ಥ. ಎಂದರೆ, ಮಕ್ಕಳ ಮೈಯ ಸೊಟ್ಟನ್ನು ತಿದ್ದುವ ವಿದ್ಯೆ. ಡೊಂಕಾಗಿ ಬೆಳೆದ ಎಳೆಯ ಮರವನ್ನು ಗೂಟಕ್ಕೆ ಬಿಗಿದ ಚಿತ್ರವೊಂದು ಆ ಗ್ರಂಥದಲ್ಲಿದೆ; ಇಂದಿಗೂ ಜಗತ್ತಿನ ಎಷ್ಟೋ ಮೂಳೆ ವೈದ್ಯರ ಸಂಘಗಳಿಗೆ ಅದೇ ಲಾಂಛನ.

ವಿದ್ಯೆ ಮಾತ್ರ ಆ ಹೆಸರಿಗಿಂತ ಬಹಳ ಹಳೆಯದು. ನಮ್ಮ ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ 6 ಬಗೆಗಳನ್ನೂ ಮೂಳೆ ಮುರಿಯುವುದರಲ್ಲಿ 12 ಬಗೆಗಳನ್ನೂ ಎಣಿಸುತ್ತದೆ. ಅತ್ತಿ, ಅರಳಿ, ಮುತ್ತುಗ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಬಳಸಿ ಕಟ್ಟು ಹಾಕುವ ಕ್ರಮವನ್ನು ವಿವರಿಸುತ್ತದೆ. ಕಟ್ಟು ಸಡಿಲವಾದರೆ ಮೂಳೆ ನೆಲೆ ನಿಲ್ಲದು, ಬಿಗಿಯಾದರೆ ಊತವೂ ನೋವೂ ಕೀವೂ ಉಂಟಾಗುವುವು ಎಂದು ಎಚ್ಚರಿಸುತ್ತದೆ. ಇಷ್ಟಲ್ಲದೆ, ಶಾಸ್ತ್ರವನ್ನೆಲ್ಲ ಓದಿದ್ದರೂ ಕೈ ಪಳಗದವನು ಚಿಕಿತ್ಸೆಗೆ ತಕ್ಕವನಲ್ಲವೆಂದು ಹೇಳಿ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆಯ ಗೊಂಬೆಯ ಮೇಲೆ ಕಟ್ಟು ಕಟ್ಟುವುದನ್ನೂ ಶಿಷ್ಯನಿಗೆ ಕಲಿಸಬೇಕೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಪರೀಕ್ಷೆಗೆ ಮೊದಲು ಅಭ್ಯಾಸ ಎಂಬ ನಿಯಮ ನಮಗೆ ಹೊಸದೇನಲ್ಲ.

ಈ ಗ್ರಂಥಗಳನ್ನು ನೋಡದೆಯೇ, ತಂದೆಯಿಂದ ಮಗನಿಗೆ ಎಂಬಂತೆ, ನಮ್ಮ ಹಳ್ಳಿಗಳಲ್ಲಿ ಬಿದಿರು ದಬ್ಬೆ ಕಟ್ಟಿ ಮೂಳೆ ಕೂಡಿಸುವವರು ಇದ್ದರು, ಈಗಲೂ ಇದ್ದಾರೆ. ಇಂಥವರು ಬ್ರಿಟನ್ನಿನಲ್ಲಿಯೂ ಇದ್ದರು. ವೇಲ್ಸಿನ ಆಂಗ್ಲಸಿ ದ್ವೀಪದ ಮೂಳೆ ಕಟ್ಟುವವರ ಮನೆತನವೊಂದು ಲಿವರ್‌ಪೂಲಿನಲ್ಲಿ ನೆಲೆಸಿತ್ತು. ಆ ಮನೆಯ ಇವಾನ್ ಥಾಮಸ್ ಎಂಬಾತ ಯಾವ ಪದವಿಯೂ ಇಲ್ಲದೆ ಮೂಳೆ ಕಟ್ಟುತ್ತಿದ್ದನು. ಪದವಿ ಪಡೆದ ವೈದ್ಯರೊಡನೆ ತಗಾದೆಗಳೂ ಆದುವು. ಆತ ತನ್ನ ಐವರು ಗಂಡುಮಕ್ಕಳನ್ನೂ ವೈದ್ಯಶಾಸ್ತ್ರ ಓದಿಸಿದನು. ಹಿರಿಯ ಮಗ ಹ್ಯೂ ಓವನ್ ಥಾಮಸ್ (1834-1891) ಮುರಿದ ತೊಡೆಮೂಳೆಯನ್ನು ಅಲುಗದಂತೆ ಹಿಡಿದಿಡುವ ಒಂದು ಕಬ್ಬಿಣದ ಚೌಕಟ್ಟನ್ನು ರೂಪಿಸಿದನು. ಆತನ ಪತ್ನಿಯ ಸೋದರಳಿಯ ರಾಬರ್ಟ್ ಜೋನ್ಸ್ ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಅದನ್ನು ವ್ಯಾಪಕವಾಗಿ ಬಳಕೆಗೆ ತಂದು ಅನೇಕ ಜೀವಗಳನ್ನುಳಿಸಿದನು. ಮೈಸೂರಿನ ಆಸ್ಪತ್ರೆಗಳಲ್ಲಿ ನೀವು ನೋಡಿರಬಹುದಾದ 'ಥಾಮಸ್ ಸ್ಪ್ಲಿಂಟ್' ಅದೇ. ಅದೇ ಲಿವರ್‌ಪೂಲಿನಲ್ಲಿ 1920ರ ದಶಕದಲ್ಲಿ ಮೂಳೆ ಶಸ್ತ್ರಚಿಕಿತ್ಸೆಗೆಂದು ಎಂ.ಸಿಎಚ್. ಪದವಿ ಪ್ರಾರಂಭವಾಯಿತು, ಭಾರತದಿಂದ ಹೋದ ಎಷ್ಟೋ ಮಂದಿ ವೈದ್ಯರು ಅದನ್ನು ಪಡೆದು ಬಂದು ಇಲ್ಲಿ ಈ ವಿಭಾಗಗಳನ್ನು ಕಟ್ಟಿದರು.

ಈ ಕಥೆಯಲ್ಲಿ ನಾವು ಗಮನಿಸಬೇಕಾದದ್ದೇನು? ತಂದೆಯ ಕೈಯಲ್ಲಿ ವಿದ್ಯೆ ಇತ್ತು. ಆದರೆ ಏಕೆ ಹೀಗೆ ಕಟ್ಟಿದೆ, ಹೀಗಾಗದಿದ್ದರೆ ಏನು ಮಾಡುವೆ ಎಂದು ಅವನನ್ನು ಕೂರಿಸಿ ಕೇಳುವ ಸಭೆಯಿರಲಿಲ್ಲ. ಮಗ ಅಂಥ ಸಭೆಯ ಮುಂದೆ ನಿಂತು ಉತ್ತರ ಕೊಟ್ಟು ಬಂದನು. ಫೆಲೋಷಿಪ್ ಪರೀಕ್ಷೆಯ ತಿರುಳೂ ಇದೇ. ಕೈಗೆ ಬರುವ ವಿದ್ಯೆಯನ್ನು ಅದು ಮಾತಿನಲ್ಲಿ ಒರೆಹಚ್ಚಿ ನೋಡುತ್ತದೆ.

ಪರೀಕ್ಷೆ ಎರಡು ಭಾಗವಾಗಿದೆ. ಮೊದಲನೆಯದು ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಎರಡು ಪತ್ರಿಕೆಗಳು. ಕೊಟ್ಟಿರುವ ಉತ್ತರಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸಬೇಕು. ಹಲವು ಉತ್ತರಗಳು ಸರಿಯೆಂಬಂತೆಯೇ ತೋರುವುದರಿಂದ ಇದೂ ಸುಲಭವಲ್ಲ. ಇದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಎರಡನೆಯ ಭಾಗ. ಅಲ್ಲಿ ನಿಜವಾದ ರೋಗಿಗಳನ್ನು ಪರೀಕ್ಷಿಸಿ ತೋರಿಸಬೇಕು, ಆಮೇಲೆ ನಾಲ್ಕು ಮೇಜುಗಳಲ್ಲಿ ಮೌಖಿಕ ಪರೀಕ್ಷೆ. ಅಪಘಾತದ ಪೆಟ್ಟುಗಳಿಗೆ ಒಂದು, ದೊಡ್ಡವರ ಮೂಳೆರೋಗಗಳಿಗೆ ಒಂದು, ಮಕ್ಕಳ ಮತ್ತು ಕೈಯ ತೊಂದರೆಗಳಿಗೆ ಒಂದು, ಮೂಲವಿಜ್ಞಾನಕ್ಕೆ ಒಂದು. ಪ್ರತಿ ಮೇಜಿನಲ್ಲಿಯೂ ಅರ್ಧ ಗಂಟೆ. ಒಂದೊಂದು ವಿಷಯಕ್ಕೆ ಕೇವಲ 5 ನಿಮಿಷ. ಗಂಟೆ ಬಾರಿಸಿದೊಡನೆ ಮುಂದಿನ ವಿಷಯ. ಅಂಕಗಳು 4ರಿಂದ 8ರವರೆಗೆ. 6 ಬಂದರೆ ಆ ವಿಷಯದಲ್ಲಿ ತೇರ್ಗಡೆಯ ಮಟ್ಟ. ಪರೀಕ್ಷಕರು ಸರಿ ಎಂದು ತಲೆದೂಗುವುದಿಲ್ಲ, ತಪ್ಪೆಂದು ಹುಬ್ಬು ಗಂಟಿಕ್ಕುವುದೂ ಇಲ್ಲ. ಅವರ ಮನಸ್ಸಿನಲ್ಲಿರುವ ಅಳತೆಗೋಲು ಒಂದೇ: ಈ ವ್ಯಕ್ತಿ ನಾಳೆ ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ, ಹಿಂದೆ ಯಾರೂ ಹಿರಿಯರಿಲ್ಲದೆ, ಸ್ವತಂತ್ರವಾಗಿ ರೋಗಿಯ ಹೊಣೆ ಹೊರಬಲ್ಲನೇ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಂಬತ್ತು ವರ್ಷದ ಅಜ್ಜಿಯೊಬ್ಬರು ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದಾರೆ ಎಂದಿಟ್ಟುಕೊಳ್ಳಿ. ಏಳಲಾಗುವುದಿಲ್ಲ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆ. ಪರೀಕ್ಷಕರು ಎಕ್ಸ್‌ರೇ ಮುಂದಿಟ್ಟು, "ಏನು ಮಾಡುತ್ತೀರಿ?" ಎನ್ನುತ್ತಾರೆ. ಪುಸ್ತಕವನ್ನಷ್ಟೇ ಓದಿದವನು ಕೂಡಲೇ ಶಸ್ತ್ರಕ್ರಿಯೆಗಳ ಪಟ್ಟಿಯನ್ನು ಒಪ್ಪಿಸತೊಡಗುತ್ತಾನೆ. ತಯಾರಾದವನು ಅಜ್ಜಿಯಿಂದ ಆರಂಭಿಸುತ್ತಾನೆ: ಮೊದಲು ನೋವು ತಗ್ಗಿಸುತ್ತೇನೆ, ಏಕೆ ಬಿದ್ದರು, ತಲೆಸುತ್ತು ಬಂದಿತ್ತೇ, ಬಿದ್ದು ಎಷ್ಟು ಹೊತ್ತಾಯಿತು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಬೀಳುವ ಮೊದಲು ಎಷ್ಟು ನಡೆಯುತ್ತಿದ್ದರು ಎಂದು ವಿಚಾರಿಸುತ್ತೇನೆ. ಆಮೇಲೆ ಮೂಳೆಯ ಮಾತು. ತೊಡೆಮೂಳೆಯ ಗುಂಡುತಲೆಗೆ ರಕ್ತ ಒಯ್ಯುವ ನಾಳಗಳಲ್ಲಿ ಮುಖ್ಯವಾದವು ಅದರ ಕತ್ತಿನ ಮೇಲೆ ಹಾದುಹೋಗುತ್ತವೆ. ಮುರಿತ ಕೀಲಿನ ಚೀಲದೊಳಗೆ ಆಗಿ ತುಂಡುಗಳು ಸರಿದಿದ್ದರೆ ಆ ನಾಳಗಳು ಹರಿದು ಗುಂಡುತಲೆ ಸತ್ತುಹೋಗುವ ಸಂಭವ ಹೆಚ್ಚು. ಆದಕಾರಣ ವಯಸ್ಸಾದವರಿಗೆ ಅದನ್ನು ತೆಗೆದು ಲೋಹದ ತಲೆಯನ್ನು ಕೂರಿಸುವುದು ವಾಡಿಕೆ. ಮುರಿತ ಚೀಲದ ಹೊರಗೆ ಆಗಿದ್ದರೆ ರಕ್ತಕ್ಕೆ ಅಂಥ ಅಪಾಯವಿಲ್ಲ. ಮೊಳೆ ಪಟ್ಟಿಗಳಿಂದಲೋ ಸಲಾಕೆಯಿಂದಲೋ ಭದ್ರಪಡಿಸಿದರೆ ಕೂಡಿಕೊಳ್ಳುತ್ತದೆ.

ಅಷ್ಟಕ್ಕೆ ಉತ್ತರ ಮುಗಿಯುವುದಿಲ್ಲ. ಶಸ್ತ್ರಕ್ರಿಯೆ ಯಾವಾಗ? ಬ್ರಿಟನ್ನಿನ ನಿಯಮದಂತೆ ಆಸ್ಪತ್ರೆಗೆ ಸೇರಿದ ದಿನ ಅಥವಾ ಮರುದಿನ. ಎದ್ದು ನಿಲ್ಲಿಸುವುದು ಯಾವಾಗ? ಶಸ್ತ್ರಕ್ರಿಯೆಯ ಮಾರನೆಯ ದಿನವೇ. ಏಕೆ ಇಷ್ಟು ಅವಸರ? ಮಲಗಿದಷ್ಟೂ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ. ವೃದ್ಧರಲ್ಲಿ ಈ ಮುರಿತವಾದವರ ಪೈಕಿ ಸುಮಾರು ನಾಲ್ವರಲ್ಲೊಬ್ಬರಿಂದ ಮೂವರಲ್ಲೊಬ್ಬರವರೆಗೆ ಒಂದು ವರ್ಷದೊಳಗೆ ತೀರಿಕೊಳ್ಳುವರೆಂಬುದು ಅಲ್ಲಿನ ಅನುಭವ. ಇನ್ನೊಂದು ಮೂಳೆ ಮುರಿಯದಂತೆ ಏನು ಮಾಡುವಿರಿ ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಇದೆಲ್ಲ 5 ನಿಮಿಷದಲ್ಲಿ! "ವಯಸ್ಸಾಯಿತು, ಮನೆಯಲ್ಲೇ ಮಲಗಿಸೋಣ" ಎನ್ನುವ ಮನೆಗಳವರೂ ಈ ಉತ್ತರವನ್ನು ಒಮ್ಮೆ ಕೇಳಬೇಕಾದದ್ದೇ.

ಮಕ್ಕಳ ಮೇಜಿನ ಪ್ರಶ್ನೆಯೊಂದನ್ನೂ ನೋಡಿ. ಆರು ವರ್ಷದ ಹುಡುಗ ಸೀಬೆಮರದಿಂದ ಬಿದ್ದು ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿದುಕೊಂಡಿದ್ದಾನೆ. ಬಿಗಿಯಾಗಿ ಕಟ್ಟು ಹಾಕಿದ್ದಾರೆ. ರಾತ್ರಿಯೆಲ್ಲ ಅಳುತ್ತಾನೆ. ಈಗೇನು? ನೋವಿನ ಔಷಧ ಹೆಚ್ಚಿಸುತ್ತೇನೆಂದರೆ ಅಭ್ಯರ್ಥಿ ಅಲ್ಲಿಯೇ ಸೋತಂತೆ. ಕಟ್ಟನ್ನು ಮೊದಲು ಬಿಚ್ಚುತ್ತೇನೆ, ಹೆಚ್ಚು ಮಡಿಸಿದ್ದ ಮೊಣಕೈಯನ್ನು ಸ್ವಲ್ಪ ಸಡಿಲಿಸುತ್ತೇನೆ, ನಾಡಿ ನೋಡುತ್ತೇನೆ, ಬೆರಳುಗಳನ್ನು ಮೆಲ್ಲಗೆ ನೀಡಿಸಿ ನೋಡುತ್ತೇನೆ ಎನ್ನಬೇಕು. ಮುಂಗೈಯ ಸ್ನಾಯುಗಳೊಳಗೆ ಒತ್ತಡವೇರಿ ರಕ್ತ ಓಡದೆ ನಿಂತರೆ ಕೆಲವೇ ಗಂಟೆಗಳಲ್ಲಿ ಅವು ಸಾಯಲು ತೊಡಗುತ್ತವೆ. ಆಮೇಲೆ ಬೆರಳುಗಳು ಜೀವಮಾನವಿಡೀ ಮುದುಡಿಯೇ ಉಳಿಯುತ್ತವೆ. ಜರ್ಮನಿಯ ಫೋಕ್‌ಮನ್ ಎಂಬ ವೈದ್ಯನು 1881ರಲ್ಲಿ ಇದನ್ನು ವಿವರಿಸಿದನು. ನಮ್ಮ ಸುಶ್ರುತನ 'ಬಿಗಿ ಕಟ್ಟಿನ' ಎಚ್ಚರಿಕೆಯನ್ನು ಓದುಗರು ಇಲ್ಲಿ ನೆನಪಿಗೆ ತಂದುಕೊಳ್ಳಬಹುದು. ಪರೀಕ್ಷೆಯ ಮಾತಿರಲಿ, ತಾಯಂದಿರೂ ಇದನ್ನು ತಿಳಿದಿರಬೇಕು. ದಬ್ಬೆಯಾಗಲಿ, ಆಸ್ಪತ್ರೆಯ ಸಿಮೆಂಟ್ ಕಟ್ಟಾಗಲಿ, ಹಾಕಿದ ಮೇಲೆ ನೋವು ಇಳಿಯದೆ ಏರುತ್ತಿದ್ದರೆ, ಬೆರಳು ನೀಡಿಸಿದಾಗ ಮಗು ಚೀರಿದರೆ, ಬೆರಳು ತಣ್ಣಗೋ ಜೋಮೋ ಆದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂಲವಿಜ್ಞಾನದ ಮೇಜಿನಲ್ಲಿ 'ಏಕೆ' ಎಂಬ ಪ್ರಶ್ನೆಗೇ ಪ್ರಾಧಾನ್ಯ. ಕೃತಕ ಕೀಲಿನ ಬಟ್ಟಲನ್ನು ಪಾಲಿಥಿನ್‌ನಿಂದ ಏಕೆ ಮಾಡುತ್ತಾರೆ? ಇದರ ಹಿಂದೆ ಇಂಗ್ಲೆಂಡಿನ ಜಾನ್ ಚಾರ್ನ್ಲಿಯ ಕಥೆಯಿದೆ. ಆತ ಮೊದಲು ಟೆಫ್ಲಾನ್ ಎಂಬ ನುಣುಪಾದ ವಸ್ತುವನ್ನು ಬಳಸಿದನು; ಅದು ಬೇಗ ಸವೆದು, ಸವೆದ ಪುಡಿ ಸುತ್ತಲ ಮಾಂಸವನ್ನು ಕೆಡಿಸಿತು. ಆ ವಸ್ತುವಿನ ಚೂರನ್ನು ತನ್ನ ತೊಡೆಯಲ್ಲಿಯೇ ಸೇರಿಸಿಕೊಂಡು ಮೈ ಹೇಗೆ ಪ್ರತಿಕ್ರಿಯಿಸುವುದೆಂದು ನೋಡಿದ ಧೀರ ಆತ. 1962ರಲ್ಲಿ ಹೆಚ್ಚು ಗಟ್ಟಿಯಾದ ಪಾಲಿಥಿನ್‌ಗೆ ತಿರುಗಿದ ಮೇಲೆ ಚಪ್ಪೆಕೀಲಿನ ಬದಲಾವಣೆ ನೆಲೆ ಕಂಡಿತು. ಈ ಕಾರಣಗಳನ್ನು ತಿಳಿದ ವೈದ್ಯ ನಾಳೆ ಹೊಸ ವಸ್ತುವೊಂದು ಮಾರುಕಟ್ಟೆಗೆ ಬಂದಾಗ ಮಾರುವವನ ಮಾತಿಗೆ ಮರುಳಾಗುವುದಿಲ್ಲ.

ಇಂಥ ಪರೀಕ್ಷೆಗೆ ಸಿದ್ಧತೆ ಹೇಗೆ? ಮೌನವಾಗಿ ಓದಿದ್ದು ಬಾಯಿಗೆ ಬರುವುದಿಲ್ಲವೆಂಬುದು ಮೊದಲ ಪಾಠ. ಹಳೆಯ ವಿದ್ವಾಂಸರ ವಾಕ್ಯಾರ್ಥ ಸಭೆಗಳನ್ನು ನೋಡಿದವರಿಗೆ ಇದು ಗೊತ್ತು. ಗ್ರಂಥ ಕಂಠಪಾಠವಾಗಿದ್ದರೂ ಎದುರಾಳಿ ಆಕ್ಷೇಪವೆತ್ತಿದಾಗ ಸಮಾಧಾನ ಹೇಳುವ ಶಕ್ತಿ ಬೇರೆಯೇ. ಆದ್ದರಿಂದ ಮೂರು ನಾಲ್ಕು ಮಂದಿ ಒಟ್ಟಾಗಿ, ಒಬ್ಬರು ಪರೀಕ್ಷಕರಾಗಿ ಒಬ್ಬರು ಅಭ್ಯರ್ಥಿಯಾಗಿ, ಗಡಿಯಾರವಿಟ್ಟುಕೊಂಡು ದಿನವೂ ಅಭ್ಯಾಸ ಮಾಡುತ್ತಾರೆ. ಜೊತೆ ಸಿಗದ ದಿನ ಗೋಡೆಯೇ ಪರೀಕ್ಷಕ. ರೇಡಿಯೋ ಭಾಷಣ ಮಾಡುವವರು ನಿಮಿಷ ಎಣಿಸಿ ಮಾತನ್ನು ಹದಗೊಳಿಸುವಂತೆ, ಇವರೂ ಮುಖ್ಯವಾದದ್ದನ್ನು ಮೊದಲ ವಾಕ್ಯದಲ್ಲಿಯೇ ಹೇಳುವುದನ್ನು ರೂಢಿಸಿಕೊಳ್ಳಬೇಕು.

ಎರಡನೆಯದು, ರೋಗವನ್ನು ಪುಸ್ತಕದ ಕ್ರಮದಲ್ಲಲ್ಲ, ರೋಗಿ ಬರುವ ಕ್ರಮದಲ್ಲಿ ಓದಬೇಕು. ಅಂದು ವಾರ್ಡಿನಲ್ಲಿ ಕಂಡ ರೋಗಿಯನ್ನೇ ಅಂದಿನ ಪ್ರಶ್ನೆಯಾಗಿ ಇಟ್ಟುಕೊಂಡರೆ ಓದಿಗೂ ಕೆಲಸಕ್ಕೂ ಬೆಸುಗೆಯಾಗುತ್ತದೆ. ಮೈಸೂರು ನಂಜನಗೂಡು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಬಂದವನು ಇಡೀ ಒಂದು ಅಧ್ಯಾಯಕ್ಕೆ ಸಮ. ಮೂರನೆಯದು, ಚಿತ್ರ ಬರೆಯುವ ಅಭ್ಯಾಸ. ನರ, ರಕ್ತನಾಳ, ಮೂಳೆಯ ಅಡ್ಡಸೀಳು ಇವುಗಳನ್ನು ಕಾಗದದ ಮೇಲೆ ಬರೆದು ತೋರಿಸಿ ಎಂದು ಕೇಳುವುದುಂಟು. ನಾಲ್ಕನೆಯದು, ಕೆಟ್ಟುಹೋದ 5 ನಿಮಿಷವನ್ನು ಅಲ್ಲಿಯೇ ಬಿಟ್ಟು ಏಳುವ ಸ್ಥೈರ್ಯ. ಪ್ರತಿ ವಿಷಯಕ್ಕೂ ಅಂಕ ಬೇರೆ. ಹಿಂದಿನದನ್ನು ನೆನೆದು ಕೊರಗಿದರೆ ಮುಂದಿನದೂ ಹಾಳು. ಐದನೆಯದು, ತಿಳಿಯದ್ದನ್ನು ತಿಳಿಯದೆಂದು ಹೇಳಿ, ಅಂಥ ಸಂದರ್ಭದಲ್ಲಿ ಯಾರ ಸಲಹೆ ಕೇಳುವೆನೆಂಬುದನ್ನು ಸೇರಿಸುವುದು. ಊಹಿಸಿ ಕತ್ತರಿಸುವ ವೈದ್ಯನಿಗಿಂತ ಕೇಳಿ ಕತ್ತರಿಸುವವನು ಮೇಲೆಂಬುದು ಪರೀಕ್ಷಕರಿಗೂ ಗೊತ್ತು.

ರೋಗಿಗಳ ಮುಂದೆ ನಡೆಯುವ ಪರೀಕ್ಷೆಯಲ್ಲಿ ನಡತೆಗೂ ಬೆಲೆಯಿದೆ. ಕೈ ತೊಳೆದುಕೊಂಡು, ಹೆಸರು ಹೇಳಿಕೊಂಡು, ಎಲ್ಲಿ ನೋಯುತ್ತದೆಂದು ಮೊದಲೇ ಕೇಳಿ, ಆ ಜಾಗವನ್ನು ಕೊನೆಗೆ ಮುಟ್ಟಬೇಕು. ಅಂಕಕ್ಕಾಗಿ ಅಂದೊಂದು ದಿನ ತಂದುಕೊಳ್ಳುವ ವಿನಯ ಇದಲ್ಲ. ಸಾವಿರ ರೋಗಿಗಳೊಡನೆ ಅಭ್ಯಾಸವಾಗಿದ್ದರೆ ಮಾತ್ರ ಗಡಿಬಿಡಿಯಲ್ಲಿಯೂ ಕೈಗೆ ಬರುವಂಥದು.

ಮನೆಯವರು ಮಾಡಬಹುದಾದದ್ದೂ ಇದೆ. ದುಡಿಮೆಯ ನಡುವೆ ಓದುವವರಿಗೆ ತಿಂಗಳುಗಟ್ಟಲೆ ಮದುವೆ ಮುಂಜಿಗಳಿಗೆ ಬರಲಾಗುವುದಿಲ್ಲ. ಅದನ್ನು ಬಿಗುಮಾನವೆಂದು ತಿಳಿಯಬಾರದು. ಓದುವವಳು ಸೊಸೆಯಾಗಿದ್ದರೆ ಅಡಿಗೆಮನೆಯ ಭಾರವನ್ನು ಇತರರು ಹೊರಬೇಕು. ಈ ಪರೀಕ್ಷೆಯಲ್ಲಿ ಹೆಣ್ಣೆಂದು ರಿಯಾಯಿತಿ ಇಲ್ಲ, ಮನೆಯಲ್ಲಿ ಹೆಚ್ಚಿನ ಹೊರೆಯೂ ಇರಬಾರದು. ಒಂದು ಸಲಕ್ಕೆ ಆಗದಿದ್ದರೆ ಮರ್ಯಾದೆ ಹೋಯಿತೆಂದು ಮುಖ ಸಣ್ಣ ಮಾಡಬಾರದು. ಒಳ್ಳೆಯ ವೈದ್ಯರಿಗೂ ಎರಡನೆಯ ಸಲ ಬೇಕಾಗುವುದುಂಟು. ಇನ್ನೂ ಒಂದು ಸಹಾಯವಿದೆ. ವೈದ್ಯಶಾಸ್ತ್ರ ತಿಳಿಯದ ಅಪ್ಪನೋ ಅತ್ತೆಯೋ ಎದುರು ಕುಳಿತು, ಗಡಿಯಾರ ನೋಡಿಕೊಂಡು, "ನನಗೆ ಅರ್ಥವಾಗುವ ಹಾಗೆ ಹೇಳು, ಏಕೆ ಹಾಗೆ ಮಾಡುತ್ತೀ?" ಎಂದು ಕೇಳಲಿ. ನಿಮಗೆ ತಿಳಿಯುವಂತೆ ಹೇಳಬಲ್ಲವರು ಪರೀಕ್ಷಕರಿಗೂ ಹೇಳಬಲ್ಲರು. ಮುಂದೆ ಒಂದು ರಾತ್ರಿ ಯಾವುದೋ ಊರಿನ ಆಸ್ಪತ್ರೆಯಲ್ಲಿ ಗಾಬರಿಗೊಂಡ ರೋಗಿಯ ಮನೆಯವರು ಕೇಳುವುದೂ ಅದೇ ಪ್ರಶ್ನೆಯನ್ನು. ಅಲ್ಲಿ ಪರೀಕ್ಷಕರೂ ಇರುವುದಿಲ್ಲ, ಹಿರಿಯರೂ ಇರುವುದಿಲ್ಲ. ಆ ಹೊತ್ತಿನ ಉತ್ತರ ಸರಿಯಾಗಿರಲೆಂದೇ ಇಷ್ಟು ವರ್ಷಗಳ ಈ ಓದು.